'ಕಾಯೋಣ' ಅಂದವರಿಗೆ 'ಬರೆದು ಕೊಡಿ' ಅಂದೆ

ಮಗಳಿಗೆ ಕಿವಿ ಕೇಳಿಸುತ್ತಿಲ್ಲ ಅನ್ನುವ ಅನುಮಾನ ಬಂದಾಗಿನಿಂದ ನಾನು ಅವಳ ವಯಸ್ಸನ್ನು ತಿಂಗಳ ಲೆಕ್ಕದಲ್ಲೇ ಹೇಳುತ್ತಿದ್ದೆ. "ಇನ್ನೂ ವರ್ಷ ತುಂಬಿಲ್ಲ" ಅಂದರೆ ಎದುರಿಗಿದ್ದವರು "ಮತ್ತೇನಮ್ಮ ಅವಸರ" ಅನ್ನುತ್ತಾರೆ. "ಹತ್ತು ತಿಂಗಳಾಯ್ತು, ಇನ್ನೂ ಟೆಸ್ಟೇ ಆಗಿಲ್ಲ" ಅಂದರೆ ಪೆನ್ನು ಕೈಗೆ ತಗೊಳ್ಳುತ್ತಾರೆ. ಕಿವಿ ತಜ್ಞರ ಲೆಕ್ಕ ಇರುವುದೂ ತಿಂಗಳಲ್ಲೇ. ಹುಟ್ಟಿದ 1 ತಿಂಗಳೊಳಗೆ ಸ್ಕ್ರೀನಿಂಗ್, 3 ತಿಂಗಳೊಳಗೆ ಪೂರ್ತಿ ಪರೀಕ್ಷೆ, 6 ತಿಂಗಳೊಳಗೆ ಕಿವಿಗೆ ಹಾಕುವ ಮಷಿನ್ನು (ಶ್ರವಣ ಸಾಧನ) ಮತ್ತು ತರಬೇತಿ ಶುರುವಾಗಬೇಕು. ಮಾತು ಕಲಿಯಲು ಮಿದುಳಿಗೆ ಸದ್ದು ಬೇಕು. ಸದ್ದು ಸಿಗದೆ ಕಳೆದ ತಿಂಗಳನ್ನು ಆಮೇಲೆ ತುಂಬಿಸುವುದು ಬಹಳ ಕಷ್ಟ.

ಮನೆಯಲ್ಲಿ ಎಲ್ಲರಿಗೂ ಅವಳೆಂದರೆ ಪ್ರಾಣ. ಅತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. "ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು ಕಣಮ್ಮ" ಅಂದರು. ಯಾರೋ ಸ್ಟೀಲ್ ತಟ್ಟೆ ನೆಲಕ್ಕೆ ಕುಕ್ಕಿದರು, ಮಗು ತಿರುಗಿತು, ಎಲ್ಲರಿಗೂ ಸಮಾಧಾನ. ಆದರೆ ನೆಲ ಅದುರಿದ್ದು ಮೈಗೆ ಗೊತ್ತಾದರೂ ಮಗು ತಿರುಗುತ್ತದೆ ಅಲ್ವಾ? ನಾನು ನೋಡುತ್ತಿದ್ದದ್ದು ಬೇರೆ. ನನ್ನ ಮುಖ ಕಾಣದಂತೆ ಹಿಂದೆ ನಿಂತು ಕರೆದರೆ ಅವಳು ತಿರುಗುತ್ತಿರಲಿಲ್ಲ. ಮೊದಲು ಮಾಡುತ್ತಿದ್ದ ಕೂ, ಗೂ ಸದ್ದುಗಳೂ ಕಡಿಮೆಯಾಗುತ್ತಾ ಬಂದಿದ್ದವು. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟೆ.

ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಅವರು ಮಗುವಿನ ಹಿಂದೆ ಚಪ್ಪಾಳೆ ತಟ್ಟಿ, "ಎರಡು ವರ್ಷ ಆಗಲಿ, ಕಾಯೋಣ" ಅಂದರು. ನಾನು ಜಗಳ ಮಾಡಲಿಲ್ಲ. ನೋಟ್‌ಬುಕ್ ತೆರೆದು ಮುಂದಿಟ್ಟೆ. "ಆಯ್ತು ಸರ್. ಕಿವಿ ಪರೀಕ್ಷೆ ಈಗ ಬೇಡ, ಎರಡು ವರ್ಷಕ್ಕೆ ಮಾಡಿಸಿದರೆ ಸಾಕು ಅಂತ ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬರೆದದ್ದು ಬೆರಾ ಟೆಸ್ಟಿಗೆ, ಅಂದರೆ ಕಿವಿಯ ನರ ಸದ್ದಿಗೆ ಸ್ಪಂದಿಸುತ್ತದಾ ಅಂತ ನೋಡುವ ಪರೀಕ್ಷೆಗೆ. ಬಾಯಲ್ಲಿ 'ಕಾಯಿರಿ' ಅನ್ನುವುದು ಸುಲಭ, ಬರವಣಿಗೆಯಲ್ಲಿ ಯಾರೂ ಹೇಳುವುದಿಲ್ಲ. ಮುಂದೆ ಎಲ್ಲ ಕಡೆ ನಾನು ಕೇಳಿದ್ದು ಇದನ್ನೇ.

ನಾವು ಹೋದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು. ಬೆರಾ ಟೆಸ್ಟಿಗೆ ಮಗು ಅಲ್ಲಿ ನಿದ್ದೆ ಮಾಡಬೇಕು. ಅಂದರೆ ದಾರಿಯಲ್ಲಿ ಮಲಗಬಾರದು. ನಮಗೆ ಅರಸೀಕೆರೆ ಕಡೆಯಿಂದ ರೈಲು. ಹೊಳೆನರಸೀಪುರ ದಾಟುತ್ತಿದ್ದಂತೆ ತೂಗಾಟಕ್ಕೆ ಅವಳ ಕಣ್ಣು ಎಳೆಯುತ್ತಿತ್ತು. ಹಾಡಿ, ಕೂಗಿ ಎಚ್ಚರ ಇಡೋಣ ಅಂದರೆ ಅವಳಿಗೆ ಕೇಳುವುದಿಲ್ಲ. ಅಂಗಾಲಿಗೆ ಕಚಗುಳಿ ಇಟ್ಟೆ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದೆ, ಕಿಟಕಿ ಹತ್ತಿರ ನಿಲ್ಲಿಸಿ ಓಡುವ ತೆಂಗಿನಮರ ತೋರಿಸಿದೆ. ಅಲ್ಲಿ ಹಣೆಗೆ, ಕಿವಿ ಹಿಂದೆ ವೈರು ಅಂಟಿಸಿ, ಕಿವಿಗೆ ಸದ್ದು ಬಿಟ್ಟು, ನರ ಹೇಗೆ ಸ್ಪಂದಿಸುತ್ತದೆ ಅಂತ ಪರದೆಯ ಮೇಲೆ ನೋಡಿದರು. ಎರಡೂ ಕಿವಿಯಲ್ಲಿ ತೀವ್ರ ದೋಷ ಅಂತ ಬಂತು.

ಅಳು ಬಂತು. ಅತ್ತುಬಿಟ್ಟೆ. ಆದರೆ ಎದ್ದು ಬರುವ ಮೊದಲು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಯಾವ ಕಿವಿಗೆ ಎಷ್ಟು ಡೆಸಿಬೆಲ್? ಯಾವ ಥರದ ದೋಷ? ಮಷಿನ್ನು ಎರಡು ಕಿವಿಗೂ ಬೇಕಾ? ಎಷ್ಟು ದಿನ ನೋಡಿ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ) ಬಗ್ಗೆ ತೀರ್ಮಾನ ಮಾಡುತ್ತೀರಿ? ಈ ಕೊನೇ ಪ್ರಶ್ನೆ ತುಂಬಾ ಮುಖ್ಯ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಹುಟ್ಟಿನಿಂದ ಕಿವುಡಿರುವ ಮಗುವಿನ ಇಂಪ್ಲಾಂಟಿಗೆ 5 ವರ್ಷದ ಮಿತಿ ಇದೆ. ನಮ್ಮ ರಾಜ್ಯದ ಶ್ರವಣ ಸಂಜೀವಿನಿ ಯೋಜನೆ ಇರುವುದು 6 ವರ್ಷದೊಳಗಿನ ಮಕ್ಕಳಿಗೆ. ನಮ್ಮ ಮಗಳಿಗೆ ಮಷಿನ್ನಲ್ಲೇ ಚೆನ್ನಾಗಿ ಕೇಳತೊಡಗಿತು, ಆಪರೇಷನ್ ಬೇಕಾಗಲಿಲ್ಲ. ಬೇಕಾಗುವವರು ಮಾತ್ರ ಒಂದು ವಾರವನ್ನೂ ಕಳೆಯಬಾರದು.

ಕಾಗದಪತ್ರವನ್ನು ಒಂದಾದ ಮೇಲೆ ಒಂದು ಅಂತ ಮಾಡಿಸಲಿಲ್ಲ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ, ಆಧಾರ್, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಎಲ್ಲಕ್ಕೂ ಒಟ್ಟಿಗೇ ಅರ್ಜಿ ಹಾಕಿದೆವು. "ಕಾರ್ಡು ಬಂದ ಮೇಲೆ ಥೆರಪಿಗೆ ಬನ್ನಿ" ಅಂತ ಒಂದು ಕಡೆ ಹೇಳಿದರು. ಥೆರಪಿಗೆ ಕಾರ್ಡು ಬೇಕು ಅನ್ನುವ ಆದೇಶ ತೋರಿಸಿ ಅಂದೆ. ಅಂಥದ್ದು ಇರಲಿಲ್ಲ, ಸೇರಿಸಿಕೊಂಡರು.

ಜಾಸ್ತಿ ಓಡಾಡಿಸಿದ್ದು ಈ ಥೆರಪಿಯೇ, ಅಂದರೆ ಮಾತು ಕಲಿಸುವ ವಾಕ್ ತರಬೇತಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಕಿವುಡುತನವೂ ಇದೆ. ಅದರಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಅಂದರೆ ಇಂಥ ಮಕ್ಕಳಿಗೆ ಬೇಗನೆ ಚಿಕಿತ್ಸೆ, ತರಬೇತಿ ಕೊಡುವ ಕೇಂದ್ರ ಇರಬೇಕು. ನಾವು ಹೋದ ಒಂದು ಕೇಂದ್ರದಲ್ಲಿ ಬೋರ್ಡು, ಆಟಿಕೆ ಎಲ್ಲ ಇತ್ತು, ಸ್ಪೀಚ್ ಥೆರಪಿಸ್ಟ್ ಕುರ್ಚಿ ಖಾಲಿ. ಅರ್ಜಿ ಬರೆದೆ, ಒಂದೇ ಪುಟ. ಮೊದಲ ಸಾಲಿನಲ್ಲಿ ಮಗುವಿನ ವಯಸ್ಸು, ತಿಂಗಳಲ್ಲಿ. ಎರಡನೆಯದರಲ್ಲಿ ಬೆರಾ ರಿಪೋರ್ಟಿನ ತಾರೀಖು. ಆಮೇಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್. ಮಕ್ಕಳನ್ನು ವರ್ಷಕ್ಕೆ ಒಮ್ಮೆಯಾದರೂ ಪರೀಕ್ಷಿಸಿ ಅಪಾಯದಲ್ಲಿರುವವರನ್ನು ಗುರುತಿಸಬೇಕು ಅಂತ ಅದರಲ್ಲಿದೆ. ಕೊನೆಗೆ ಎರಡೇ ಬೇಡಿಕೆ: ಯಾವ ತಾರೀಖಿನೊಳಗೆ ಥೆರಪಿಸ್ಟ್ ಬರುತ್ತಾರೆ, ಅಲ್ಲಿಯವರೆಗೆ ಬದಲಿ ವ್ಯವಸ್ಥೆ ಏನು. ಟಪಾಲಿಗೆ ಕೊಟ್ಟು ನಮ್ಮ ಕಾಪಿ ಮೇಲೆ ಸೀಲು ಹಾಕಿಸಿಕೊಂಡೆ. ಸೀಲಿಲ್ಲದ ಅರ್ಜಿ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ವಾರಕ್ಕೆ ಕೆಲವು ದಿನ ಬರುವ ಥೆರಪಿಸ್ಟ್ ಕೊಟ್ಟರು. ಪೂರ್ತಿ ಗೆಲುವಲ್ಲ, ಆದರೂ ನಮ್ಮ ಜೊತೆ ಇನ್ನೂ ಕೆಲವು ಮಕ್ಕಳಿಗೆ ಅನುಕೂಲವಾಯಿತು.

ನಿಜವಾದ ತರಬೇತಿ ಆಗುವುದು ಮನೆಯಲ್ಲಿ. ಅದನ್ನು ಮೈಸೂರಿನಲ್ಲೇ ಕಲಿಸಿಕೊಟ್ಟರು. ದಿನಾ ಬೆಳಿಗ್ಗೆ ಮಷಿನ್ನು ಹಾಕಿದ ಕೂಡಲೇ ಆರು ಸದ್ದು: ಆ, ಈ, ಊ, ಮ್, ಶ್, ಸ್. ತುಟಿ ಕಾಣದಂತೆ ಒಂದೊಂದನ್ನೇ ಹೇಳುತ್ತಿದ್ದೆ. ಕೇಳಿಸಿದರೆ ಅವಳು ಬಟ್ಟಲಿಗೆ ಒಂದು ಅವರೆಕಾಳು ಹಾಕಬೇಕು. ಒಂದು ದಿನ 'ಸ್' ಅಂದಾಗ ಕಾಳು ಬೀಳಲಿಲ್ಲ ಅಂದರೆ ಬ್ಯಾಟರಿ ನೋಡುತ್ತಿದ್ದೆ, ಮೋಲ್ಡಿನ (ಮಷಿನ್ನಿನ, ಕಿವಿಯೊಳಗೆ ಕೂರುವ ಅಚ್ಚಿನ) ತೂತಿನಲ್ಲಿ ಗುಗ್ಗೆ ಕಟ್ಟಿದೆಯಾ ನೋಡುತ್ತಿದ್ದೆ. ಮಷಿನ್ನು ಕುಯ್ ಅಂತ ಕೂಗತೊಡಗಿದರೆ ಕಿವಿ ಬೆಳೆದು ಮೋಲ್ಡು ಸಡಿಲವಾಗಿದೆ ಅಂತ. ಚಿಕ್ಕ ಮಕ್ಕಳಿಗೆ ಕೆಲವು ತಿಂಗಳಿಗೇ ಹೊಸ ಮೋಲ್ಡು ಬೇಕು. "ಈಗ ತಾನೇ ಕೊಟ್ಟಿದ್ದೆವಲ್ಲ" ಅಂದರೂ ಕೇಳಿ ಪಡೆಯಲೇಬೇಕು.

ಸನ್ನೆ ಮಾಡಿದರೆ ಮಾತು ಬರುವುದಿಲ್ಲ ಅಂತ ಹೆದರಿಸಿದವರೂ ಇದ್ದರು. ನಾನು ಅವಳ ಜೊತೆ ಕೈಯಲ್ಲೂ ಮಾತಾಡಿದೆ, ಬಾಯಲ್ಲೂ ಮಾತಾಡಿದೆ. ಮಗುವಿಗೆ ಯಾವುದಾದರೂ ಒಂದು ಭಾಷೆ ಬೇಗ ಸಿಗಲೇಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ನಮ್ಮ ಕಡೆಯ ಕೆಲವು ತಾಯಂದಿರು ಸೇರಿ ಇನ್ನೊಂದು ಅರ್ಜಿ ಕೊಟ್ಟಿದ್ದೇವೆ. ಹೆರಿಗೆಯಾದ ಮಗು ಮನೆಗೆ ಹೋಗುವ ಮೊದಲೇ ಓಎಇ ಅನ್ನುವ ಕಿವಿ ಸ್ಕ್ರೀನಿಂಗ್ ಟೆಸ್ಟ್ ಮಾಡಿ, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಕು ಅಂತ. ಮಲಗಿದ ಮಗುವಿನ ಕಿವಿಗೆ ಚಿಕ್ಕ ಪ್ರೋಬ್ ಇಟ್ಟರೆ ಕೆಲವೇ ನಿಮಿಷದ ಕೆಲಸ. ಮಷಿನ್ನು ಇಲ್ಲ ಅಂತ ಬಾಯಲ್ಲಿ ಹೇಳಿ ಕಳಿಸಿದ್ದಾರೆ. ಅದನ್ನು ಬರೆದು ಕೊಡಿ ಅಂತ ಕೇಳಿದ್ದೇವೆ.