ಲೈನ್ ಅರೇ ಬೇಕೋ, ಪಾಯಿಂಟ್ ಸೋರ್ಸ್ ಸಾಕೋ: ಲೆಕ್ಕ ಹಾಕುವ ಬಗೆ

ಸಭೆಗೆ ಸ್ಪೀಕರ್ ಆರಿಸುವಾಗ ಬ್ರೋಷರ್ ಪಕ್ಕಕ್ಕಿಡಿ. ಒಂದೇ ಕಡೆಯಿಂದ ಶಬ್ದ ಹರಡುವ ಒಂಟಿ ಬಾಕ್ಸ್ ಪಾಯಿಂಟ್ ಸೋರ್ಸ್; ಒಂದರ ಕೆಳಗೊಂದು ತೂಗಿಸಿದ ಬಾಕ್ಸ್‌ಗಳ ಸಾಲು ಲೈನ್ ಅರೇ. ಮೊದಲು ಬೇಕಾದದ್ದು ಮೂರು ಅಳತೆ: ಸ್ಪೀಕರ್ ಎಷ್ಟು ಎತ್ತರದಲ್ಲಿರುತ್ತದೆ, ಮೊದಲ ಸಾಲು ಎಷ್ಟು ದೂರ, ಕೊನೆಯ ಸಾಲು ಎಷ್ಟು ದೂರ.

ಕೂತವರ ಕಿವಿ ನೆಲದಿಂದ 1.2 ಮೀಟರ್, ಮೊದಲ ಸಾಲು 3 ಮೀಟರ್, ಕೊನೆಯದು 26 ಮೀಟರ್ ಎನ್ನಿ. ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ 6 ಡಿಸಿಬೆಲ್ ಇಳಿಯುತ್ತದೆ. ಬಾಕ್ಸ್ 2.2 ಮೀಟರ್ ಸ್ಟ್ಯಾಂಡ್ ಮೇಲಿದ್ದರೆ ಹಿಂದಿನವರಿಗೆ ಮುಂದಿನವರಿಗಿಂತ 18 ಡಿಸಿಬೆಲ್ ಕಡಿಮೆ. 5 ಮೀಟರ್‌ಗೆ ಏರಿಸಿದರೆ ಸುಮಾರು 15. ಈಗ ಹಾರ್ನ್ ಅನ್ನು (ಬಾಕ್ಸಿನಲ್ಲಿ ಮೇಲಿನ ಸ್ವರ ನುಡಿಸುವ ಕಹಳೆಯಾಕಾರದ ಭಾಗ) ನೇರ ಕೊನೆಯ ಸಾಲಿಗೆ ತಿರುಗಿಸಿ. ಮೊದಲ ಸಾಲು ಅದರ ನೇರದಿಂದ 43 ಡಿಗ್ರಿ ಕೆಳಗೆ ಬೀಳುತ್ತದೆ. ಲಂಬ ಕವರೇಜ್ (ಮೇಲೆ-ಕೆಳಗೆ ಶಬ್ದ ಹರಡುವ ಕೋನ) 60 ಡಿಗ್ರಿಯ ಬಾಕ್ಸ್ ನೇರದಿಂದ 30 ಡಿಗ್ರಿ ಕೆಳಗೇ 6 ಡಿಸಿಬೆಲ್ ಕಳೆದುಕೊಂಡಿರುತ್ತದೆ. ಹಾಗಾಗಿ ಮುಂದಿನ ಸಾಲಿಗೆ ಶಬ್ದ ಅಷ್ಟು ತಗ್ಗಿ, ಹಾರ್ನ್ ನುಡಿಸುವ ಫ್ರೀಕ್ವೆನ್ಸಿಗಳಲ್ಲಿ ಉಳಿಯುವ ಅಂತರ 9 ಡಿಸಿಬೆಲ್‌ನೊಳಗೆ. ಮುಂದಿನ ಸಾಲಿಗೆ ಮಾತು ಮಂಕಾದರೆ ಚಿಕ್ಕ ಫ್ರಂಟ್ ಫಿಲ್ (ಮುಂದಿನ ಸಾಲುಗಳಿಗೆಂದೇ ಇಡುವ ಸ್ಪೀಕರ್) ಸೇರಿಸಿದರಾಯಿತು. ಇಲ್ಲಿ ಲೈನ್ ಅರೇ ಬೇಡ.

ಲೈನ್ ಅರೇಯ ಬಲವಿರುವುದು ಉದ್ದದಲ್ಲಿ. ಅರೇಗಿಂತ ಉದ್ದವಾದ ತರಂಗಗಳ (ಅಂದರೆ ತಗ್ಗು ಸ್ವರಗಳ) ಮೇಲೆ ಅದಕ್ಕೆ ಹಿಡಿತ ಸಿಗದು. 30 ಸೆಂಟಿಮೀಟರಿನ 12 ಬಾಕ್ಸ್ ತೂಗಿಸಿದರೆ ಕೆಳಗೆ ಸುಮಾರು 95 ಹರ್ಟ್ಜ್‌ವರೆಗೂ ಹಿಡಿತ. ನಾಲ್ಕೇ ತೂಗಿಸಿದರೆ 290 ಹರ್ಟ್ಜ್‌ನಿಂದ ಕೆಳಗೆ ಶಬ್ದ ಎಲ್ಲ ಕಡೆ ಚೆಲ್ಲುತ್ತದೆ. ನಾಲ್ಕು ಬಾಕ್ಸಿನ ಅರೇ ನೋಡಲು ಚೆನ್ನ, ಅಷ್ಟೇ.

ಅಗಲಕ್ಕೆ ಒಂದು ಬಾಕ್ಸ್ ಸಾಲದೆ ಎರಡಿಟ್ಟರೆ, ನಡುವಿನ ಕೋನ ಒಂದು ಬಾಕ್ಸಿನ ಅಡ್ಡ ಕವರೇಜ್‌ನಷ್ಟಿರಲಿ: 60 ಡಿಗ್ರಿಯದಕ್ಕೆ 60. ಸಮಾನಾಂತರವಾಗಿ ಇಟ್ಟರೆ ಎರಡರ ಶಬ್ದವೂ ಒಂದೇ ಕುರ್ಚಿಗೆ ಬರುತ್ತದೆ. ಒಂದರ ದಾರಿ 17 ಸೆಂಟಿಮೀಟರ್ (1 ಕಿಲೋಹರ್ಟ್ಜ್ ತರಂಗದ ಅರ್ಧ ಉದ್ದ) ಹೆಚ್ಚಾದಲ್ಲಿ 1 ಕಿಲೋಹರ್ಟ್ಜ್ ಕರಗಿ, ಗಾಯನ ಟೊಳ್ಳಾಗುತ್ತದೆ. ಈಕ್ವಲೈಜರ್‌ನಿಂದ ಇದು ಸರಿಹೋಗದು, ಏಕೆಂದರೆ ಪಕ್ಕದ ಕುರ್ಚಿಯಲ್ಲಿ ಕರಗುವುದು ಬೇರೆ ಫ್ರೀಕ್ವೆನ್ಸಿ.

ಬ್ರೋಷರಿನ ಗರಿಷ್ಠ ಡಿಸಿಬೆಲ್ ಅಂಕಿ ಎಷ್ಟೋ ಸಲ ಅಳೆದದ್ದಲ್ಲ, ಸೆನ್ಸಿಟಿವಿಟಿಗೆ (ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ ಬರುವ ಡಿಸಿಬೆಲ್) ವಾಟ್ ಕೂಡಿಸಿ ತೆಗೆದದ್ದು. ವಾಯ್ಸ್ ಕಾಯಿಲ್ (ಸ್ಪೀಕರ್ ಒಳಗಿನ ತಂತಿ ಸುರುಳಿ) ಬಿಸಿಯಾದಾಗ ಆಗುವ ನಷ್ಟ ಅದರಲ್ಲಿಲ್ಲ. ಒಂದು ಸ್ಪೀಕರಿನ ಪೀಕ್ (ಕ್ಷಣಮಾತ್ರದ) ಅಂಕಿಯನ್ನು ಇನ್ನೊಂದರ ಕಂಟಿನ್ಯುಯಸ್ (ಸತತವಾಗಿ ಕೊಡುವ) ಅಂಕಿಯೊಡನೆ ತೂಗಬೇಡಿ.

ಕೇಳಿ ಹೋಲಿಸುವಾಗ ಪಿಂಕ್ ನಾಯ್ಸ್ (ಎಲ್ಲ ಫ್ರೀಕ್ವೆನ್ಸಿಗಳೂ ಬೆರೆತ ಸುಯ್ ಸದ್ದು) ಹಾಕಿ, ಎರಡು ಸಿಸ್ಟಮ್‌ಗಳ ಮಟ್ಟವನ್ನು ಮೀಟರಿನಲ್ಲಿ ಅರ್ಧ ಡಿಸಿಬೆಲ್‌ನೊಳಗೆ ಸರಿದೂಗಿಸಿ. ಜೋರಾದದ್ದೇ ಕಿವಿಗೆ ಚೆನ್ನೆನಿಸುತ್ತದೆ. ಆಮೇಲೆ ಮುಂದಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ ನಡೆಯಿರಿ. ಹಿಂದೆ ಹೋದಂತೆ ಶಬ್ದ ನಿಧಾನವಾಗಿ ಇಳಿದರೆ ಬಾಕ್ಸಿನ ಎತ್ತರ ಅಥವಾ ಬಾಗು ಬದಲಿಸಿ. ಅಡ್ಡ ನಡೆವಾಗ ಒಂದೊಂದು ಹೆಜ್ಜೆಗೂ ಸುಯ್ ಎಂದು ಶಬ್ದದ ಬಣ್ಣ ಬದಲಾದರೆ ಬಾಕ್ಸ್‌ಗಳ ನಡುವಿನ ಕೋನ ಹಿಗ್ಗಿಸಿ.