ವೀಸಾದ ದಿನಾಂಕ ನಂಬಬೇಡಿ, ಐ-94 ನೋಡಿ

ಅಮೆರಿಕಕ್ಕೆ ಹೊಸದಾಗಿ ಹೋದವರಲ್ಲಿ ಅನೇಕರು ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಕೊನೆಯ ದಿನಾಂಕವನ್ನೇ ನೆಚ್ಚಿಕೊಂಡಿರುತ್ತಾರೆ. ವೀಸಾ ಎಂದರೆ ಬಾಗಿಲಿಗೆ ಬಂದು ಪ್ರವೇಶ ಕೇಳಲು ಸಿಕ್ಕ ಅನುಮತಿ, ಅಷ್ಟೇ. ಒಳಗೆ ಎಷ್ಟು ದಿನ ಇರಬಹುದೆಂದು ನಿರ್ಧರಿಸುವುದು ಐ-94 ಎಂಬ ಪ್ರವೇಶ ದಾಖಲೆ. ಹತ್ತು ವರ್ಷದ ಪ್ರವಾಸಿ ವೀಸಾ ಇರುವ ಅಪ್ಪ ಅಮ್ಮನಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು.

ಆದ್ದರಿಂದ ಮೊದಲ ಕೆಲಸ ಇದು: ವಿಮಾನ ಇಳಿದ ಕೆಲವು ದಿನಗಳಲ್ಲೇ ಗಡಿ ಇಲಾಖೆಯಾದ ಸಿಬಿಪಿಯ ಜಾಲತಾಣದಲ್ಲಿ ನಿಮ್ಮ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಐ-94 ತೆಗೆದುಕೊಳ್ಳಿ. ಇದಕ್ಕೆ ಶುಲ್ಕವಿಲ್ಲ. ಹೆಸರಿನ ಕಾಗುಣಿತ, ವೀಸಾ ವರ್ಗ, ಕೊನೆಯ ದಿನಾಂಕ ಮೂರನ್ನೂ ನೀವೇ ಓದಿ ನೋಡಿ. ಕಂಪನಿಯವರು ನೋಡಿರುತ್ತಾರೆಂದು ಸುಮ್ಮನಿರಬೇಡಿ. ಪಾಸ್‌ಪೋರ್ಟ್ ಅವಧಿ ಬೇಗ ಮುಗಿಯುವಂತಿದ್ದರೆ ಅಧಿಕಾರಿಗಳು ಆ ದಿನದವರೆಗೆ ಮಾತ್ರ ಅನುಮತಿ ಕೊಡುವುದುಂಟು. ಎಚ್-1ಬಿ ಎಂಬ ಉದ್ಯೋಗ ವೀಸಾದವರು ಎಡವುವುದು ಇಲ್ಲಿಯೇ. ದಾಖಲೆಯಲ್ಲಿ ತಪ್ಪಿದ್ದರೆ ಸಿಬಿಪಿಯ ಡಿಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯಲ್ಲಿ ತಿದ್ದಿಸಬಹುದು. ದೇಶ ಬಿಟ್ಟು ಮರಳಿದಾಗಲೆಲ್ಲ ಮತ್ತೆ ಪರಿಶೀಲಿಸಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಅನುಮತಿ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರು ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದವರು ಹತ್ತು ವರ್ಷ ಮರುಪ್ರವೇಶಕ್ಕೆ ಅನರ್ಹರಾಗಬಹುದು.

ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11 ಅರ್ಜಿಯ ಮೂಲಕ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಿ. ಎಚ್-1ಬಿಯಲ್ಲಿದ್ದು ಕೆಲಸ ಹೋದರೆ ಗರಿಷ್ಠ 60 ದಿನದ ಕಾಲಾವಕಾಶವಿದೆ. ಐ-94 ಅದಕ್ಕೂ ಮೊದಲು ಮುಗಿದರೆ ಅಲ್ಲಿಗೇ ನಿಲ್ಲುತ್ತದೆ. ಅಷ್ಟರೊಳಗೆ ಹೊಸ ಕಂಪನಿ ನಿಮ್ಮ ಪರವಾಗಿ ಅರ್ಜಿ ಹಾಕಬೇಕು, ಅಥವಾ ನೀವು ಬೇರೆ ವರ್ಗಕ್ಕೆ ಅರ್ಜಿ ಸಲ್ಲಿಸಬೇಕು, ಇಲ್ಲವೇ ಹೊರಡಬೇಕು.

ಇನ್ನು ಹಕ್ಕುಗಳ ಮಾತು. ಪಾಸ್‌ಪೋರ್ಟನ್ನು ಕೆಲಸ ಕೊಟ್ಟವರ ಕೈಯಲ್ಲಿ ಬಿಡಬೇಡಿ. ದುಡಿದದ್ದಕ್ಕೆ ಕನಿಷ್ಠ ವೇತನ ಕೇಳಲು ವಲಸೆ ಸ್ಥಿತಿ ಅಡ್ಡಬರುವುದಿಲ್ಲ. ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುವುದಕ್ಕೂ ಅಷ್ಟೇ. 1982ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆಯ ಈ ಹಕ್ಕನ್ನು ಸ್ಪಷ್ಟಪಡಿಸಿದೆ. 18 ತುಂಬಿದ ವಿದೇಶಿಯರು ತಮ್ಮ ನೋಂದಣಿಯ ದಾಖಲೆಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂಬ ಕಾನೂನಿದೆ, ಹಾಗಾಗಿ ಅಂಥ ದಾಖಲೆಯಾದ ಐ-94ರ ಮುದ್ರಿತ ಪ್ರತಿ ಚೀಲದಲ್ಲಿರಲಿ.

ವಲಸೆ ಅಧಿಕಾರಿಗಳು ಮನೆ ಬಾಗಿಲಿಗೆ ಬಂದರೆ, ನ್ಯಾಯಾಧೀಶರು ಸಹಿ ಮಾಡಿದ ವಾರಂಟ್ ಇದೆಯೇ ಎಂದು ಕೇಳಬಹುದು. ಮೌನವಾಗಿರಬಹುದು, ಆದರೆ ಸುಳ್ಳು ಹೇಳಬಾರದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಬಂಧನವಾದರೆ ಭಾರತೀಯ ಕಾನ್ಸುಲೇಟಿಗೆ ತಿಳಿಸುವಂತೆ ಕೇಳಿ. 1963ರ ವಿಯೆನ್ನಾ ಒಪ್ಪಂದ ಆ ಹಕ್ಕನ್ನು ನಿಮಗೆ ಕೊಟ್ಟಿದೆ.