ಪಿಎಸ್5 ಪ್ರೋ ಮನೆಗೆ ತಂದೆ, ಕುರ್ಚಿ ಮುಂದೆ ಎಳೆದೆ

ಪಿಎಸ್5 ಪ್ರೋ ಅಂದರೆ ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 5ರ ಹೆಚ್ಚು ಶಕ್ತಿಯ ಮಾದರಿ. ಅದರಲ್ಲಿ ಆಡಿದ ಮೊದಲ ರಾತ್ರಿ ನನಗೆ ಹಳೆಯ ಪಿಎಸ್5ಗೂ ಇದಕ್ಕೂ ಒಂದು ಚೂರೂ ವ್ಯತ್ಯಾಸ ಕಾಣಲಿಲ್ಲ. ಅದೇ ಆಟ, ಅದೇ ಸೇವ್ (ಉಳಿಸಿಟ್ಟ ಆಟ), ಅದೇ ಕಾಡು, ಅದೇ ಮಸುಕು ಎಲೆಗಳು. ಹಿಂದೆ ನಿಂತಿದ್ದ ತಮ್ಮ "ಇದಕ್ಕಾ ಇಷ್ಟು ದಿನ ಕುಣಿದಿದ್ದು?" ಅಂದ. ಟೆರಾಫ್ಲಾಪ್ (ಚಿಪ್ ಎಷ್ಟು ವೇಗವಾಗಿ ಲೆಕ್ಕ ಮಾಡುತ್ತದೆ ಅನ್ನುವ ಅಳತೆ) ಅದು ಇದು ಅಂತ ಏನೋ ಹೇಳಿ ಅವನ ಬಾಯಿ ಮುಚ್ಚಿಸಿದೆ. ಆದರೆ ನನಗೇ ಒಳಗೊಳಗೆ ಪುಕಪುಕ ಅನ್ನುತ್ತಿತ್ತು.

ಯಾಕೆಂದರೆ ಒಮ್ಮೆ ಹೀಗೇ ಕೈ ಸುಟ್ಟುಕೊಂಡಿದ್ದೆ. 2016ರ ನವೆಂಬರ್‌ನಲ್ಲಿ ಪಿಎಸ್4 ಪ್ರೋ ಬಂದಾಗ ಹಿಂದೆಮುಂದೆ ನೋಡದೆ ಕೊಂಡೆ. ಹಳೆಯ ಪಿಎಸ್4ನಲ್ಲಿ 1.84 ಟೆರಾಫ್ಲಾಪ್, ಪ್ರೋನಲ್ಲಿ 4.2. ಎರಡು ಪಟ್ಟಿಗಿಂತ ಜಾಸ್ತಿ ಅಲ್ವಾ, ಇನ್ನೇನು ಬೇಕು ಅಂದುಕೊಂಡೆ. ನನ್ನ ಹತ್ತಿರ ಇದ್ದದ್ದು 1080ಪಿ ಟಿವಿ, ಅಂದರೆ 4ಕೆ ಟಿವಿಯ ಕಾಲು ಭಾಗದಷ್ಟೇ ಚುಕ್ಕೆಗಳಿರುವ ಟಿವಿ ಅನ್ನುವುದು ತಲೆಗೇ ಬರಲಿಲ್ಲ. ಆ ಯಂತ್ರದ ಹೆಚ್ಚುಗಾರಿಕೆಯಲ್ಲಿ ಬಹುಪಾಲು 4ಕೆ ಟಿವಿಗೆಂದೇ ಇತ್ತು. ಹಳೆಯ ಆಟಗಳಿಗೆ ಒಂದಿಷ್ಟು ವೇಗ ಕೊಡುವ ಬೂಸ್ಟ್ ಮೋಡ್ ಬಂದದ್ದು 2017ರ ಮಾರ್ಚ್‌ನ ಅಪ್‌ಡೇಟ್‌ನಲ್ಲಿ. 1080ಪಿ ಟಿವಿಯವರಿಗೂ ಚಿತ್ರ ನುಣುಪಾಗಿ ಕಾಣಿಸುವ ಸೂಪರ್‌ಸ್ಯಾಂಪ್ಲಿಂಗ್ ಮೋಡ್ ಬಂದದ್ದು 2018ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ನನ್ನ ಉತ್ಸಾಹವೆಲ್ಲ ಇಳಿದುಹೋಗಿತ್ತು.

ಹಾಗಾಗಿ ಪಿಎಸ್5 ಪ್ರೋ 2024ರ ನವೆಂಬರ್ 7ಕ್ಕೆ ಬಂದಾಗ ನಾನು ಓಡಲಿಲ್ಲ. ಮೊದಲು ನನ್ನನ್ನೇ ಗಮನಿಸಿಕೊಂಡೆ. ಒಂದು ತಿಂಗಳು, ಯಾವ ಆಟ ಶುರು ಮಾಡಿದರೂ ಗ್ರಾಫಿಕ್ಸ್ ಮೆನುವಿನಲ್ಲಿ ಏನು ಆರಿಸಿದೆ ಅಂತ ಬರೆದಿಟ್ಟೆ. ಹನ್ನೊಂದು ಆಟಗಳಲ್ಲಿ ಒಂಬತ್ತಕ್ಕೆ ಪರ್ಫಾರ್ಮೆನ್ಸ್ ಮೋಡ್, ಅಂದರೆ ಚಿತ್ರದ ಸ್ಪಷ್ಟತೆ ಕಡಿಮೆಯಾದರೂ ಚಲನೆ ನುಣುಪಾಗಿರಲಿ ಅನ್ನುವ ಆಯ್ಕೆ. ಹೊಸ ಯಂತ್ರದ ಪರಿಚಯ ಕೊಡುವಾಗ ಅದರ ಮುಖ್ಯ ವಿನ್ಯಾಸಕ ಮಾರ್ಕ್ ಸೆರ್ನಿ ಕೂಡ ಇದನ್ನೇ ಹೇಳಿದ್ದರು. ಆಯ್ಕೆ ಕೊಟ್ಟರೆ ಆಟಗಾರರು ಸುಮಾರು ಮುಕ್ಕಾಲು ಪಾಲು ಸಲ ಪರ್ಫಾರ್ಮೆನ್ಸ್ ಕಡೆಗೇ ಹೋಗುತ್ತಾರಂತೆ.

ಇದು ಯಾಕೆ ಮುಖ್ಯ ಅಂದರೆ, ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಓಡಿಸುವಾಗ ಒಂದೊಂದು ಚಿತ್ರ ಬಿಡಿಸಲು ಯಂತ್ರಕ್ಕೆ 33 ಮಿಲಿಸೆಕೆಂಡ್ ಸಿಗುತ್ತದೆ. 60 ಫ್ರೇಮ್ ಬೇಕೆಂದರೆ ಸಿಗುವುದು 16 ಚಿಲ್ಲರೆ ಮಿಲಿಸೆಕೆಂಡ್ ಮಾತ್ರ. ಅರ್ಧ ಸಮಯದಲ್ಲಿ ಅದೇ ಕೆಲಸ ಮುಗಿಯುವುದಿಲ್ಲ. ಆಗ ಆಟ ಕಡಿಮೆ ರೆಸಲ್ಯೂಷನ್‌ನಲ್ಲಿ (ಕಡಿಮೆ ಚುಕ್ಕೆಗಳಲ್ಲಿ) ಚಿತ್ರ ಬಿಡಿಸಿ, ಅದನ್ನು 4ಕೆ ಅಳತೆಗೆ ಹಿಗ್ಗಿಸುತ್ತದೆ. ನಾನು ವರ್ಷಗಟ್ಟಲೆ ನೋಡಿದ ಮಸುಕು ಎಲೆಗಳು, ಓಡುವಾಗ ಮಿಣಮಿಣ ಅನ್ನುವ ಹುಲ್ಲು, ತಂತಿಬೇಲಿಯ ಮೇಲೆ ಹರಿದಾಡುವ ಗೆರೆ, ಎಲ್ಲ ಹಿಗ್ಗಿಸಿದ್ದರ ಫಲ. ಪ್ರೋ ಮಾಡುವ ದೊಡ್ಡ ಕೆಲಸ ಅಂದರೆ ನುಣುಪೋ ಸ್ಪಷ್ಟತೆಯೋ ಅಂತ ಆರಿಸುವ ಈ ಕಷ್ಟವನ್ನು ಕಡಿಮೆ ಮಾಡುವುದು. ಇದರ ಗ್ರಾಫಿಕ್ಸ್ ಚಿಪ್‌ನಲ್ಲಿ 60 ಕಂಪ್ಯೂಟ್ ಯೂನಿಟ್ (ಲೆಕ್ಕ ಮಾಡುವ ಘಟಕ) ಇವೆ, ಹಳೆಯದರಲ್ಲಿ 36. ಮೆಮೊರಿ ಶೇಕಡ 28ರಷ್ಟು ಹೆಚ್ಚು ವೇಗ. ಜೊತೆಗೆ ಪಿಎಸ್‌ಎಸ್‌ಆರ್ ಅನ್ನುವ ಹೊಸ ವಿಧಾನ. ಮೆಷಿನ್ ಲರ್ನಿಂಗ್‌ನಿಂದ ಕಲಿತ ಇದು ಹಿಂದಿನ ಫ್ರೇಮ್‌ಗಳನ್ನೂ ನೋಡಿ, ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ. ಯೂನಿಟ್‌ಗಳ ಲೆಕ್ಕ ನೋಡಿ ಶೇಕಡ 67 ಹೆಚ್ಚು ವೇಗ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚಿತ್ರ ಬಿಡಿಸುವ ವೇಗ ಏರುವುದು ಹೆಚ್ಚೆಂದರೆ ಶೇಕಡ 45 ಅಂತ ತಯಾರಕರೇ ಹೇಳಿದ್ದಾರೆ.

ಒಂಬತ್ತು ಸಲ ಪರ್ಫಾರ್ಮೆನ್ಸ್ ಒತ್ತಿ, ಒಂಬತ್ತು ಸಲವೂ ಮಸುಕಿನ ಬಗ್ಗೆ ಗೊಣಗಿದ್ದೆ. ಅಂದಮೇಲೆ ಇದು ನನ್ನಂಥವರಿಗೇ ಅಂತ ತೀರ್ಮಾನ ಮಾಡಿದೆ. ನೀವು 30 ಫ್ರೇಮ್‌ನಲ್ಲಿ ಸುಖವಾಗಿ ಆಡುವವರಾದರೆ ಇಲ್ಲಿಗೇ ನಿಲ್ಲಿಸಬಹುದು.

ಈಗ ಮನೆಗೆ ತಂದಮೇಲಿನ ಕಥೆ. ಪೆಟ್ಟಿಗೆಯಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಇದು ಗುಟ್ಟೇನಲ್ಲ, ಎಲ್ಲ ಕಡೆ ಬರೆದಿರುತ್ತದೆ. ಓದದೆ ಇದ್ದವನು ನಾನು. ನನ್ನ ಮೊದಲ ಪಿಎಸ್5ನ ಡ್ರೈವ್ ಒಳಗೇ ಕೂತಿರುವಂಥದ್ದು, ಕಿತ್ತು ಹಾಕಲು ಬರುವುದಿಲ್ಲ. ಆಮೇಲಿನ ತೆಳು ಮಾದರಿಯ ಬಿಚ್ಚಬಹುದಾದ ಡ್ರೈವ್ ಆಗಿದ್ದರೆ ಅದನ್ನೇ ಇಲ್ಲಿ ಸಿಕ್ಕಿಸಬಹುದಿತ್ತು. ಬೇರೆಯಾಗಿ ತರಿಸಿದ ಡ್ರೈವ್ ಬರುವವರೆಗೆ ಒಂದು ವಾರ ಶೆಲ್ಫ್‌ನಲ್ಲಿದ್ದ ಡಿಸ್ಕ್‌ಗಳು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದವು. ಡ್ರೈವ್ ಜೋಡಿಸುವುದು ಎರಡು ನಿಮಿಷದ ಕೆಲಸ. ಆದರೆ ಮೊದಲ ಸಲ ಕನ್ಸೋಲ್‌ಗೆ ಹೊಂದಿಸುವಾಗ ಇಂಟರ್‌ನೆಟ್ ಬೇಕೇ ಬೇಕು.

ಡೇಟಾ ಸಾಗಿಸಲು ಮೊದಲು ವೈಫೈ ನೆಚ್ಚಿಕೊಂಡೆ. ಊಟ ಮಾಡಿ ಬಂದು ನೋಡಿದರೆ ಎಷ್ಟು ಸಾಗಿತು ಅಂತ ತೋರಿಸುವ ನೀಲಿ ಗೆರೆ ಇದ್ದಲ್ಲೇ ಇತ್ತು. ರದ್ದು ಮಾಡಿ, ಎರಡೂ ಕನ್ಸೋಲ್‌ಗಳಿಂದ ರೌಟರ್‌ಗೆ ಲ್ಯಾನ್ ಕೇಬಲ್ ಎಳೆದೆ. ಆಮೇಲೆ ಸರಸರ ಹೋಯಿತು. ಇಲ್ಲಿ ಒಂದು ವಿಷಯ ನೆನಪಿಡಿ. ಪಿಎಸ್4 ಆಟದ ಸೇವ್‌ಗಳನ್ನು ಯುಎಸ್‌ಬಿಗೆ ಹಾಕಿಕೊಳ್ಳಬಹುದು, ಪಿಎಸ್5 ಆಟದ ಸೇವ್‌ಗಳನ್ನು ಆಗುವುದಿಲ್ಲ. ಅವಕ್ಕೆ ಸುಲಭದ ದಾರಿ ಎರಡು: ಹೀಗೆ ಕನ್ಸೋಲ್‌ನಿಂದ ಕನ್ಸೋಲ್‌ಗೆ, ಇಲ್ಲವೇ ಪ್ಲೇಸ್ಟೇಷನ್ ಪ್ಲಸ್ ಚಂದಾ ಇದ್ದರೆ ಕ್ಲೌಡ್‌ಗೆ. ಹಳೆಯದನ್ನು ಅಳಿಸಿದ ಮೇಲೆ ಇದು ಗೊತ್ತಾದರೆ ಅತ್ತರೂ ಪ್ರಯೋಜನವಿಲ್ಲ.

ದೊಡ್ಡ ಆಟಗಳೆಲ್ಲ ನಾನು ಹಳೆಯ ಕನ್ಸೋಲ್‌ಗೆ ಹಾಕಿಸಿದ್ದ ಎಂ.2 ಎಸ್‌ಎಸ್‌ಡಿ ಅನ್ನುವ ಹೆಚ್ಚುವರಿ ಸಂಗ್ರಹದ ಪಟ್ಟಿಯಲ್ಲಿದ್ದವು. ಅದನ್ನು ಸಾಗಿಸುವ ಗೋಜೇ ಇಲ್ಲ. ವೈರ್ ಕಿತ್ತು, ಮುಚ್ಚಳ ತೆಗೆದು, ಎಸ್‌ಎಸ್‌ಡಿಯನ್ನು ಹೀಟ್‌ಸಿಂಕ್ (ಬಿಸಿ ಇಳಿಸುವ ಲೋಹದ ಕವಚ) ಸಮೇತ ಬಿಚ್ಚಿ ಪ್ರೋ ಒಳಗೆ ಕೂರಿಸಿದೆ. ಆಟಗಳೆಲ್ಲ ಹಾಗೇ ಕಾಣಿಸಿಕೊಂಡವು. ಇಡೀ ಕೆಲಸದಲ್ಲಿ ಹಾಳಾದದ್ದು ಒಂದೇ: ಹಳೆಯ ಕನ್ಸೋಲ್‌ನ ಸ್ಲಾಟ್‌ನಲ್ಲಿದ್ದ ಅಕ್ಕಿಕಾಳಿನಷ್ಟು ಸ್ಕ್ರೂ ಉರುಳಿ ಹೋಯಿತು. ಟಾರ್ಚ್ ಹಿಡಿದು ಅರ್ಧ ಗಂಟೆ ನೆಲ ತಡಕಾಡಿದೆ.

ಇಷ್ಟೆಲ್ಲ ಆದಮೇಲೆ ಬಂದದ್ದೇ ಆ ಮೊದಲ ರಾತ್ರಿ. ಅದೇ ಮಸುಕು ಎಲೆಗಳು.

ಮಾರನೇ ದಿನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೋ ಔಟ್‌ಪುಟ್ ಮಾಹಿತಿ ತೆರೆದು ನೋಡಿದೆ. ಟಿವಿ 120 ಹರ್ಟ್ಸ್ (ಸೆಕೆಂಡಿಗೆ 120 ಚಿತ್ರ) ತೆಗೆದುಕೊಳ್ಳುತ್ತಲೇ ಇಲ್ಲ. ಟಿವಿ ಹಿಂದೆ ಕೈ ಹಾಕಲು ಬೇಜಾರಾಗಿ, ಅಲ್ಲೇ ಇದ್ದ ಯಾವುದೋ ಪುರಾತನ ಎಚ್‌ಡಿಎಂಐ ಕೇಬಲ್‌ಗೆ ಹೊಸ ಕನ್ಸೋಲ್ ಸಿಕ್ಕಿಸಿದ್ದೆ. ಅದು ಹೋಗಿದ್ದ ಪೋರ್ಟ್ ಕೂಡ ತಪ್ಪು. ಎಷ್ಟೋ ಟಿವಿಗಳಲ್ಲಿ ನಾಲ್ಕು ಪೋರ್ಟ್ ಇದ್ದರೂ 4ಕೆಯಲ್ಲಿ 120 ಹರ್ಟ್ಸ್ ತೆಗೆದುಕೊಳ್ಳುವುದು ಒಂದೆರಡು ಮಾತ್ರ. ಸಣ್ಣ ಅಕ್ಷರದಲ್ಲಿ ಪಕ್ಕದಲ್ಲೇ ಬರೆದಿರುತ್ತದೆ. ಪೆಟ್ಟಿಗೆಯಲ್ಲಿ ಬಂದ ಕೇಬಲ್ ಹಾಕಿ, ಪೋರ್ಟ್ ಬದಲಿಸಿ, ಟಿವಿಯ ಮೆನುವಿನಲ್ಲಿ ಆ ಪೋರ್ಟ್‌ಗೆ ಪೂರ್ತಿ ಸಿಗ್ನಲ್ ಬಿಡುವ ಆಯ್ಕೆ ಆನ್ ಮಾಡಿದೆ. ಆಗ 120 ಹರ್ಟ್ಸ್ ಬಂತು, ವಿಆರ್‌ಆರ್ ಕೂಡ ಬಂತು. ಕನ್ಸೋಲ್ ಯಾವಾಗ ಫ್ರೇಮ್ ಕೊಡುತ್ತದೋ ಆಗಲೇ ತೋರಿಸಲು ಟಿವಿ ಕಾಯುವುದೇ ವಿಆರ್‌ಆರ್. 60ರ ಆಟ ಆಗಾಗ 54ಕ್ಕೆ ಇಳಿದರೂ ಕಣ್ಣಿಗೆ ತಡವರಿಕೆ ಗೊತ್ತಾಗುವುದಿಲ್ಲ.

ಆದರೂ ಎಲೆಗಳು ಮಸುಕೇ. ಕೊನೆಗೆ ಸಿಕ್ಕ ಕಾರಣ ನೋಡಿ ನನಗೇ ನಗು ಬಂತು. ಸೇವ್ ಜೊತೆಗೆ ಹಳೆಯ ಸೆಟ್ಟಿಂಗ್ ಕೂಡ ಬಂದಿತ್ತು. ಆಟದಲ್ಲಿ ಪ್ರೋಗೆಂದೇ ಹೊಸ ಮೋಡ್ ಇತ್ತು, ನಾನು ಮಾತ್ರ ಹಳೆಯ ಪರ್ಫಾರ್ಮೆನ್ಸ್ ಮೋಡ್‌ನಲ್ಲೇ ಆಡುತ್ತಿದ್ದೆ. ಅದನ್ನು ಬದಲಿಸಿದ ತಕ್ಷಣ ತಮ್ಮನನ್ನು ಕೂಗಿ ಕರೆದೆ. ಅವನು ಬಂದು ನೋಡಿ, ಒಂದು ನಿಮಿಷ ಸುಮ್ನೆ ನಿಂತ. ಆಮೇಲೆ "ಹ್ಞೂಂ, ಎಲೆ ಎಣಿಸಬಹುದು" ಅಂದ. ಅವನ ಬಾಯಲ್ಲಿ ಅಷ್ಟು ಬಂದರೆ ದೊಡ್ಡದು. ಪಿಎಸ್4 ಆಟಗಳ ಚಿತ್ರ ಸುಧಾರಿಸುವ ಇನ್ನೊಂದು ಆಯ್ಕೆ ಕನ್ಸೋಲ್ ಸೆಟ್ಟಿಂಗ್ಸ್‌ನಲ್ಲೇ ಇದೆ, ಅದನ್ನೂ ನಾವೇ ಆನ್ ಮಾಡಬೇಕು.

ಇನ್ನು ಕುರ್ಚಿ. ನನ್ನದು 55 ಇಂಚಿನ ಟಿವಿ, ಕೂರುತ್ತಿದ್ದದ್ದು ಒಂಬತ್ತು ಅಡಿ ದೂರ. ಈ ಅಳತೆಯಲ್ಲಿ ಸುಮಾರು 7 ಅಡಿಗಿಂತ ಹಿಂದೆ ಹೋದರೆ 1080ಪಿಗೂ 4ಕೆಗೂ ಇರುವ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ಹಿಡಿಯುವುದಿಲ್ಲ. ಕುರ್ಚಿಯನ್ನು ಆರು ಅಡಿಗೆ ಎಳೆದೆ. ನಿಜ ಹೇಳಬೇಕೆಂದರೆ ಇಡೀ ಬದಲಾವಣೆಯಲ್ಲಿ ಅರ್ಧ ಪಾಲು ಈ ಕುರ್ಚಿಯದ್ದೇ.

ಎಲ್ಲ ಆಟಕ್ಕೂ ಲಾಭ ಸಮನಾಗಿಲ್ಲ. ಗ್ರ್ಯಾನ್ ಟುರಿಸ್ಮೊ 7ರಲ್ಲಿ ಮೊದಲು ರೀಪ್ಲೇ, ಗ್ಯಾರೇಜ್ ಥರದ ಕಡೆ ಮಾತ್ರ ಇದ್ದ ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕ ಹಾಕಿ ಪ್ರತಿಬಿಂಬ ಬಿಡಿಸುವ ವಿಧಾನ) ಈಗ ರೇಸ್ ನಡುವೆಯೂ ಸಿಗುತ್ತದೆ. ಮುಂದಿನ ಕಾರಿನ ಬಾಗಿಲಲ್ಲಿ ನನ್ನ ಕಾರು ಕಾಣುತ್ತದೆ. ನೋಡುತ್ತಾ ಹೋಗಿ ಎರಡು ಸಲ ಗುದ್ದಿದ್ದೇನೆ. ಇನ್ನೊಂದು ದೊಡ್ಡ ಆರ್‌ಪಿಜಿಯಲ್ಲಿ (ಪಾತ್ರ ವಹಿಸಿ ಆಡುವ ಆಟ) ಮಾತ್ರ ಜನ ತುಂಬಿದ ಪೇಟೆಗೆ ಕಾಲಿಟ್ಟರೆ ಮೊದಲಿನ ಹಾಗೇ ಮುಗ್ಗರಿಸುತ್ತದೆ. ಅಲ್ಲಿ ಹೊರೆ ಇರುವುದು ಪ್ರೊಸೆಸರ್ ಮೇಲೆ. ನೂರಾರು ಮಂದಿ ಎಲ್ಲಿ ನಡೆಯಬೇಕು, ಏನು ಮಾಡಬೇಕು ಅಂತ ಲೆಕ್ಕ ಹಾಕುವುದು ಅದೇ. ಪ್ರೋನಲ್ಲೂ ಇರುವುದು ಹಳೆಯ 8 ಕೋರ್‌ನ ಜೆನ್ 2 ಪ್ರೊಸೆಸರ್. ಬೇಕಾದಾಗ ಶೇಕಡ 10ರಷ್ಟು ವೇಗ ಏರಿಸಿಕೊಳ್ಳಬಲ್ಲದು, ಅಷ್ಟೇ. ನಿಮ್ಮ ದೂರು ಬರೀ ಫ್ರೇಮ್ ಬೀಳುವುದರ ಬಗ್ಗೆ ಇದ್ದರೆ, ಎಲ್ಲಿ ಬೀಳುತ್ತಿದೆ ಅಂತ ಮೊದಲು ನೋಡಿ. ಜನಸಂದಣಿಯಲ್ಲಾದರೆ ಪ್ರೋ ಹೆಚ್ಚೇನೂ ಮಾಡಲಾರದು. ಮತ್ತೊಂದು ಭಯಾನಕ ಆಟದಲ್ಲಿ ಪಿಎಸ್‌ಎಸ್‌ಆರ್ ಹಾಕಿದ ಮೇಲೆ ಗೋಡೆಯ ನೆರಳೇ ಮಿಣಮಿಣ ಮಿನುಗುತ್ತಿತ್ತು. ಹೆದರಿಸಲು ಬೇಕೆಂದೇ ಮಾಡಿದ್ದಾರೆ ಅಂದುಕೊಂಡಿದ್ದೆ.

ಒಂದು ಜಗಳದ ವಿಷಯ ಬಾಕಿ ಇದೆ. ತಮ್ಮ ಅವನ ಅಕೌಂಟ್‌ನಲ್ಲಿ ನನ್ನ ಆಟಗಳನ್ನು ಆಡುತ್ತಾನೆ. ಹೊಸ ಕನ್ಸೋಲ್‌ನಲ್ಲಿ ಅವನಿಗೆ ಎಲ್ಲದರ ಮೇಲೂ ಬೀಗದ ಗುರುತು ಬಂತು. ನಾನೇ ಬೇಕೆಂದು ಮಾಡಿದ್ದು ಅಂತ ಅವನ ವಾದ. ಕನ್ಸೋಲ್ ಶೇರಿಂಗ್ ಮತ್ತು ಆಫ್‌ಲೈನ್ ಪ್ಲೇ ಅನ್ನುವ ಆಯ್ಕೆ ಒಂದು ಅಕೌಂಟ್‌ಗೆ ಒಂದೇ ಪಿಎಸ್5ನಲ್ಲಿ ಆನ್ ಇರಬಹುದು, ನನ್ನದು ಹಳೆಯದರಲ್ಲೇ ಉಳಿದಿತ್ತು. ಅಲ್ಲಿ ಆಫ್ ಮಾಡಿ ಇಲ್ಲಿ ಆನ್ ಮಾಡಿದ ಮೇಲೆ ಬೀಗ ಹೋಯಿತು.

ಎರಡು ವಾರ ಬಿಟ್ಟು, ಸೇವ್‌ಗಳೆಲ್ಲ ಬಂದಿವೆ ಅಂತ ಖಾತ್ರಿಯಾದ ಮೇಲೆ ಹಳೆಯ ಕನ್ಸೋಲ್ ರೀಸೆಟ್ ಮಾಡಿ ಅವನಿಗೇ ಕೊಟ್ಟೆ. ಈಗ ಅವನಿಗೂ ಒಂದು ಎಸ್‌ಎಸ್‌ಡಿ ಹಾಕಿಸಬೇಕಂತೆ. ಸ್ಕ್ರೂ ಎಲ್ಲಿ ಅಂತ ದಿನಾ ಕೇಳುತ್ತಿದ್ದಾನೆ.